ಜಿಂಜಾದಲ್ಲಿ ನಮ್ಮ ಭಾನುವಾರ

ಉಗಾಂಡಾದ ಜಿಂಜಾ ಪಟ್ಟಣದ ಹತ್ತಿರ ಒಂದು ಪ್ರಾಥಮಿಕ ಶಾಲೆಯಲ್ಲಿ ನಾವು ಮನೆಮಂದಿಯೆಲ್ಲ ಸೇರಿ ಸ್ವಯಂಸೇವೆ ಮಾಡಿದೆವು. ನನ್ನದು ಗಣಿತದ ಪಾಠ. ನಮ್ಮೆಜಮಾನರದ್ದು ಮಳೆನೀರಿನ ತೊಟ್ಟಿ, ಪೈಪು, ನಲ್ಲಿಗಳ ರಿಪೇರಿ. ಮಗಳು, ಮಗ ಇಬ್ಬರೂ ಅಲ್ಲಿಯ ಮಕ್ಕಳ ಜೊತೆಯೇ ತರಗತಿಯಲ್ಲಿ ಕೂರುತ್ತಿದ್ದರು. ಯಾರು ಕೇಳಿದರೂ ಶಾಲೆಯ ಬಗ್ಗೆಯೇ ಕೇಳುತ್ತಾರೆ. ನನಗೆ ಹೇಳಬೇಕು ಅನ್ನಿಸುವುದು ಭಾನುವಾರದ ಬಗ್ಗೆ.

ಹೊರಡುವ ಮೊದಲೇ ಶಾಲೆಯ ಮುಖ್ಯ ಶಿಕ್ಷಕಿಗೆ ಬರೆದಿದ್ದೆವು: ಭಾನುವಾರ ನಾವು ಮನೆಯಲ್ಲೇ ಇರುತ್ತೇವೆ, ಅವತ್ತು ನಮ್ಮನ್ನು ನೋಡಿಕೊಳ್ಳಲು ಯಾರೂ ಬರಬೇಕಾಗಿಲ್ಲ. ನಮಗೆ ವಿಶ್ರಾಂತಿ ಬೇಕು ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಅವರಿಗೆ ನಮ್ಮಿಂದ ಬಿಡುವು ಬೇಕು. ಪರದೇಶದಿಂದ ನಾಲ್ಕು ಜನ ಬಂದು ಕೂತರೆ ಯಾರೋ ಒಬ್ಬರು ಸಂತೆಗೆ ಜೊತೆಗೆ ಬರಬೇಕು, ಬೋಡಾ ಬೋಡಾ ಬೈಕಿನವನ ಹತ್ತಿರ ಬಾಡಿಗೆ ಮಾತಾಡಬೇಕು, ಮಗುವಿಗೆ ಜ್ವರ ಬಂದರೆ ಓಡಬೇಕು. ನಮ್ಮ ಹೊಣೆ ಹೊತ್ತಿದ್ದ ಟೀಚರಿಗೆ ಸ್ವಂತ ಮಕ್ಕಳಿದ್ದರು, ಬಾಳೆತೋಟವಿತ್ತು, ಚರ್ಚಿನಲ್ಲಿ ಹಾಡುವವರ ಗುಂಪಿನಲ್ಲಿಯೂ ಇದ್ದರು. ಸೇವೆ ಮಾಡಲು ಹೋದವರು ಅವರ ಭಾನುವಾರವನ್ನೇ ತಿಂದುಬಿಟ್ಟರೆ ಹೇಗೆ, ಅಲ್ವಾ?

ಭಾನುವಾರ ಸುಮ್ನೆ ಇರಬೇಕಾದರೆ ಶನಿವಾರ ದುಡಿಯಬೇಕು. ಬಟ್ಟೆ ಒಗೆಯುವುದು, ಇದ್ದಿಲ ಒಲೆ ಹೊತ್ತಿಸಿ ಎರಡು ದಿನಕ್ಕಾಗುವಷ್ಟು ಕುಡಿಯುವ ನೀರು ಕುದಿಸಿಡುವುದು, ತರಕಾರಿ ತರುವುದು, ಎಲ್ಲ ಶನಿವಾರವೇ ಮುಗಿಯುತ್ತಿತ್ತು. ಅಲ್ಲಿ ಒಲೆಗೆ ಸಿಗಿರಿ ಅನ್ನುತ್ತಾರೆ. ನೀರು ಕುದಿಸುವ ಕೆಲಸ ಯಜಮಾನರದ್ದು. ಇನ್ನು ಮನೆಯೊಳಗೆ ಒಂದೇ ಕಟ್ಟುಪಾಡು: ಶಾಲೆಯ ಮಾತು ಎತ್ತುವ ಹಾಗಿಲ್ಲ. ಇದು ಮಕ್ಕಳಿಗೆ ಸುಲಭ, ದೊಡ್ಡವರಿಗೆ ಕಷ್ಟ. ಭಾಗಾಕಾರ ಬಾರದ ಹುಡುಗನ ಮುಖ ತಲೆಯಲ್ಲಿ ಓಡಾಡುತ್ತಲೇ ಇರುತ್ತದೆ.

ಜಿಂಜಾ ಇರುವುದು ಭೂಮಧ್ಯರೇಖೆಯ ಪಕ್ಕದಲ್ಲೇ. ವರ್ಷವಿಡೀ ಸೂರ್ಯ ಹುಟ್ಟುವುದೂ ಮುಳುಗುವುದೂ ಹೆಚ್ಚುಕಮ್ಮಿ ಏಳು ಗಂಟೆಯ ಆಸುಪಾಸಿನಲ್ಲಿ. ಬೆಳಕಾಗುವ ಹೊತ್ತಿಗೆ ಹಡಾಡಾ ಹಕ್ಕಿಗಳು ಕಿರುಚಿಕೊಂಡು ಹಾರಿಹೋಗುತ್ತವೆ, ಅವುಗಳಿಗೆ ಭಾನುವಾರವಿಲ್ಲ. ನಾವು ಸೊಳ್ಳೆಪರದೆಯೊಳಗೇ ಹೊರಳಾಡಿಕೊಂಡು ಇರುತ್ತಿದ್ದೆವು. ಎಂಟೂವರೆಯ ಹೊತ್ತಿಗೆ ಬೀದಿ ತುಂಬ ಚರ್ಚಿಗೆ ಹೊರಟವರು. ಭುಜದ ಮೇಲೆ ಮೊನಚಾಗಿ ನಿಲ್ಲುವ ತೋಳಿನ, ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿದ ಗೊಮೆಸಿ ಉಟ್ಟ ಹೆಂಗಸರು, ಇಸ್ತ್ರಿ ಮಾಡಿದ ಅಂಗಿಯ ಮಕ್ಕಳು. ಮಗಳು ಜಗಲಿಯಲ್ಲಿ ಕೂತು ಎಲ್ಲರಿಗೂ ಕೈ ಬೀಸುವಳು. ಹತ್ತು ಗಂಟೆಗೆ ಊರಿಗೆ ಫೋನ್. ಜಿಂಜಾದಲ್ಲಿ ಹತ್ತಾದರೆ ಊರಲ್ಲಿ ಹನ್ನೆರಡೂವರೆ. ಅತ್ತೆ ಊಟಕ್ಕೆ ಕೂರುವ ಮುಂಚೆ ಮೊಮ್ಮಕ್ಕಳ ಜೊತೆ ಮಾತಾಡಿ ಮುಗಿಸುತ್ತಿದ್ದರು.

ವಾರದ ದಿನಗಳಲ್ಲಿ ಶಾಲೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಪೋಶೋ, ಜೊತೆಗೆ ಕಾಳಿನ ಸಾರು. ದಿನಾ ಅದೇ. ಹಾಗಾಗಿ ಭಾನುವಾರದ ಊಟಕ್ಕೆ ಎಲ್ಲರೂ ಕಾಯುತ್ತಿದ್ದೆವು. ಪಕ್ಕದ ಮನೆಯ ಅಜ್ಜಿಯನ್ನು ಬೀದಿಯವರೆಲ್ಲ ಜಾಜಾ ಅನ್ನುತ್ತಿದ್ದರು, ನಮ್ಮ ಮಕ್ಕಳಿಗೂ ಜಾಜಾನೇ. ಅವರು ಚರ್ಚಿಗೆ ಹೋಗುವ ಮೊದಲೇ ಹಸಿ ಬಾಳೆಕಾಯಿ ಸುಲಿದು, ಎಲೆಯಲ್ಲಿ ಸುತ್ತಿ, ಮೇಲೆ ಇನ್ನಷ್ಟು ಎಲೆ ಮುಚ್ಚಿ ಸಣ್ಣ ಉರಿಗೆ ಇಟ್ಟು ಹೋಗುವರು. ಬಂದಮೇಲೆ ಎಲೆಯ ಮೇಲಿಂದಲೇ ಅದುಮಿ ನುಣ್ಣಗೆ ಮಾಡಿದರೆ ಮಟೋಕೆ ಆಯಿತು. ಅದಕ್ಕೆ ಶೇಂಗಾ ಅರೆದು ಮಾಡಿದ ಗಟ್ಟಿ ಸಾರು. ಒಂದು ಬಟ್ಟಲು ನಮ್ಮ ಮನೆಗೆ ಬಂದೇ ಬರುತ್ತಿತ್ತು.

ನಮ್ಮ ಮನೆಯಿಂದ ಅವರಿಗೆ ಹೋಗುತ್ತಿದ್ದುದು ಮುದ್ದೆ. ಹೌದು, ರಾಗಿ ಮುದ್ದೆಯೇ! ಅಲ್ಲಿಯ ಸಂತೆಯಲ್ಲಿ ರಾಗಿ ಹಿಟ್ಟು ಸಲೀಸಾಗಿ ಸಿಗುತ್ತದೆ. ಸಿಗದೆ ಏನು, ರಾಗಿಯ ತವರೇ ಅದು. ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲದಲ್ಲಿ ಮೊದಲು ಬೆಳೆಸಿದ ಕಾಳು ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂತು. ಅವರೂ ಅದರಿಂದ ಮುದ್ದೆಯಂಥದ್ದೇ ಮಾಡುತ್ತಾರೆ, ಹೆಸರು ಕಲೋ. ಅನೇಕರು ಮರಗೆಣಸಿನ ಹಿಟ್ಟು ಬೆರೆಸುತ್ತಾರೆ. ಹಿಟ್ಟು ಕೊಳ್ಳುವಾಗ ಬೆರೆಸಿದ್ದೋ ಬರೀ ರಾಗಿಯೋ ಎಂದು ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಅಲ್ಲಿ ಡೋಡೋ ಅನ್ನುವ ಸೊಪ್ಪು ನಮ್ಮ ಹರಿವೆಯ ಜಾತಿಯದೇ. ಪೇಟೆಯ ಅಂಗಡಿಯ ತೊಗರಿಬೇಳೆ ಹಾಕಿ ಸೊಪ್ಪಿನ ಸಾರು ಮಾಡಿದರೆ ಮಗ ಎರಡು ಮುದ್ದೆ ನುಂಗುತ್ತಿದ್ದ. ಜಾಜಾ ನಮ್ಮ ಮುದ್ದೆ ಮುಟ್ಟಿ ನೋಡಿ, ಸ್ವಲ್ಪ ಮರಗೆಣಸು ಹಾಕು, ಇನ್ನೂ ಬಿಗಿಯಾಗುತ್ತದೆ ಅಂದರು. ಹಾಕಿ ನೋಡಿದೆ. ಅಂಟು ಜಾಸ್ತಿ ಬರುತ್ತದೆ. ನನಗೆ ಬರೀ ರಾಗಿಯದೇ ಇಷ್ಟ.

ಮಧ್ಯಾಹ್ನದ ಹೊತ್ತು ಮಾತ್ರ ಮಗಳದ್ದು. ಜಾಜಾ ಮನೆಯ ಮಾವಿನ ಮರದ ಕೆಳಗೆ ಗಂಡಸರು ಒಮ್ವೆಸೋ ಆಡುತ್ತಿದ್ದರು. ನೋಡಿದ ಕೂಡಲೇ ಅವಳು, 'ಅಮ್ಮಾ, ನಮ್ಮ ಅಳಗುಳಿ ಮಣೆ!' ಅಂದಳು. ಹತ್ತಿರ ಹೋದರೆ ಇದು ದೊಡ್ಡದು. ನಮ್ಮ ಮಣೆಗೆ ಹದಿನಾಲ್ಕು ಗುಳಿ, ಅದಕ್ಕೆ 32. ಕಾಳು 64. ಒಬ್ಬೊಬ್ಬರಿಗೆ ಎರಡೆರಡು ಸಾಲು. ಎದುರಾಳಿಯ ಕಾಳು ಗೆದ್ದರೆ ನಮ್ಮಂತೆ ಎತ್ತಿಟ್ಟುಕೊಳ್ಳುವ ಹಾಗಿಲ್ಲ, ಮತ್ತೆ ತನ್ನ ಗುಳಿಗಳಲ್ಲೇ ಬಿತ್ತಬೇಕು. ಹಾಗಾಗಿ ಸೋಲುವ ಆಟ ಒಂದೇ ಗಳಿಗೆಯಲ್ಲಿ ತಿರುಗಿಬಿಡುತ್ತದೆ. ಅವರ ಕೈ ಎಷ್ಟು ವೇಗ ಅಂದರೆ ಎಣಿಸುವುದೇ ಕಾಣುವುದಿಲ್ಲ. ಮಗಳಿಗಾಗಿ ಒಬ್ಬ ಹಿರಿಯರು ನಿಧಾನಕ್ಕೆ ಆಡಿ ತೋರಿಸಿದರು. ಅವಳ ಲೆಕ್ಕ ತಪ್ಪಿದರೆ ಸುತ್ತ ಕೂತವರೆಲ್ಲ ಒಟ್ಟಿಗೆ ಕೂಗುವರು. ಶಾಲೆಯಲ್ಲಿ ನಾವು ಕಲಿಸುವವರು. ಆ ಮರದ ಕೆಳಗೆ ನಾವೇ ಒಂದನೇ ತರಗತಿ. ಊರಿನವರ ಜೊತೆ ಸಲಿಗೆ ಬೆಳೆದದ್ದು ಅಲ್ಲೇ.

ತಿರುಗಾಟ ಅಂತ ಇಟ್ಟುಕೊಂಡದ್ದು ಕಡಿಮೆ. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವ ಜಾಗ ಜಿಂಜಾದಲ್ಲೇ ಇರುವಾಗ ನೋಡದೆ ಇರಲು ಆಗುತ್ತದೆಯೇ? ಸಂಜೆ ದೋಣಿಯಲ್ಲಿ ಹೋದೆವು. 1862ರಲ್ಲಿ ಇಂಗ್ಲಿಷ್ ಅನ್ವೇಷಕ ಸ್ಪೀಕ್ ನೋಡಿದ ರಿಪನ್ ಜಲಪಾತ ಈಗಿಲ್ಲ, 1954ರಲ್ಲಿ ಆರಂಭವಾದ ಓವೆನ್ ಫಾಲ್ಸ್ ಅಣೆಕಟ್ಟಿನಿಂದಾಗಿ ಮುಳುಗಿಹೋಯಿತು. ದಡದಲ್ಲಿ ಗಾಂಧೀಜಿಯ ಪ್ರತಿಮೆಯಿದೆ. 1948ರಲ್ಲಿ ಅವರ ಚಿತಾಭಸ್ಮದ ಒಂದು ಪಾಲನ್ನು ಇಲ್ಲಿಯೂ ಬಿಟ್ಟರು. ಮಕ್ಕಳಿಗೆ ನೀರಿಗೆ ಇಳಿಯುವ ಆಸೆ, ನಾವು ಬಿಡಲಿಲ್ಲ. ಸರೋವರದ ಅಂಚಿನ ನೀರಿನ ಬಸವನಹುಳುಗಳಿಂದ ಬಿಲ್ಹಾರ್ಜಿಯಾ ಅನ್ನುವ ಕಾಯಿಲೆ ಬರುತ್ತದೆ, ಅವುಗಳಿಂದ ನೀರಿಗೆ ಬರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮದ ಮೂಲಕವೇ ಒಳಗೆ ಸೇರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಮರೆಯಬಾರದು.

ಕತ್ತಲಾಗುವ ಮುಂಚೆ ಮನೆ ಸೇರಿ ಇಸ್ತ್ರಿ ಕೆಲಸ. ಹೊರಗೆ ಒಣಹಾಕಿದ ಬಟ್ಟೆಯ ಮೇಲೆ ಒಂದು ಬಗೆಯ ನೊಣ ಮೊಟ್ಟೆ ಇಡುತ್ತದೆ, ಮರಿಹುಳು ಚರ್ಮದೊಳಗೆ ಹೊಕ್ಕು ಗುಳ್ಳೆಯಾಗುತ್ತದೆ. ಅದಕ್ಕೇ ಒಳಬಟ್ಟೆ, ಟವೆಲ್ಲು ಎಲ್ಲಕ್ಕೂ ಬಿಸಿ ತಾಗಲೇಬೇಕು. ಕರೆಂಟು ಹೋದರೆ ಜಾಜಾ ಮನೆಯ ಇದ್ದಿಲ ಇಸ್ತ್ರಿಪೆಟ್ಟಿಗೆ ಇತ್ತು. ಇಸ್ತ್ರಿ ಮುಗಿಯುವವರೆಗೂ ಭಾನುವಾರವೇ, ಆಮೇಲೆ ಶಾಲೆಯ ಮಾತಿಗೆ ಅಡ್ಡಿಯಿಲ್ಲ. ಕೊನೆಯ ಅಂಗಿ ಮಡಚುತ್ತಿದ್ದ ಹಾಗೇ ಯಜಮಾನರು ಆರನೇ ತರಗತಿ ಹಿಂದಿನ ತೊಟ್ಟಿ ಮತ್ತೆ ಸೋರುತ್ತಿದೆ ಅಂತ ಶುರುಮಾಡುತ್ತಿದ್ದರು, ನಾನು ಭಾಗಾಕಾರದ ಹುಡುಗನ ವಿಷಯ ತೆಗೆಯುತ್ತಿದ್ದೆ.