ಸಂಜೆ ನಾಲ್ಕರೊಳಗೆ: ಮೆಕ್ಸಿಕೊ ರಸ್ತೆಯಲ್ಲಿ 19 ದಿನ

ಮರದ ನೆರಳಿನಲ್ಲಿ ಮಲಗಿದ್ದ ಆ ಹಂಪ್ ನನಗೆ ಕಂಡಿದ್ದು ಅದರ ಮೇಲೆ ಹಾರಿದ ಮೇಲೆ. ಮೆಕ್ಸಿಕೊದ ವಾಹಾಕಾ ಊರಿನಿಂದ ದಕ್ಷಿಣಕ್ಕೆ, ಸಮುದ್ರದ ಕಡೆ ಹೋಗುವ 175ನೇ ನಂಬರ್ ಹೆದ್ದಾರಿ ಅದು. ಮಿಯಾವಾತ್ಲಾನ್ ಊರು ಇನ್ನೂ ಸಿಕ್ಕಿರಲಿಲ್ಲ. ಬೋರ್ಡ್ ಇಲ್ಲ, ಬಣ್ಣ ಇಲ್ಲ. ನಾನು 60ರಲ್ಲಿ ಇದ್ದೆ. ಗಾಡಿ ಎಗರಿ ದಪ್ಪಂತ ಕೂತಿತು. ಹೇಗೋ ಹ್ಯಾಂಡಲ್ ಕೈಯಲ್ಲೇ ಉಳಿಯಿತು. ಮುಂದೆ ಹೋಗಿ ನಿಲ್ಲಿಸಿ ನೋಡಿದರೆ ಮುಂದಿನ ರಿಮ್ ಒಳಕ್ಕೆ ಬಾಗಿದೆ, ಗಾಳಿ ಪೂರ್ತಿ ಹೋಗಿದೆ.

19 ದಿನದಲ್ಲಿ ನಾನು ನಿಜವಾಗಿ ಬೀಳುವ ಹತ್ತಿರ ಬಂದಿದ್ದು ಅದೊಂದೇ ಸಲ. ಹೊರಡುವ ಮುಂಚೆ ಎಲ್ಲರೂ ಹೆದರಿಸಿದ್ದು ಮಾತ್ರ ಬೇರೆಯದಕ್ಕೆ. ಹಾಸನದಿಂದ ಅಮ್ಮ ಫೋನ್ ಮಾಡಿ, "ಬೇಡ ಕಣೋ, ಅಲ್ಲಿ ಹಿಡ್ಕೊಂಡು ಹೋಗ್ತಾರಂತೆ, ಟೀವೀಲಿ ತೋರಿಸ್ತಾ ಇರ್ತಾರೆ" ಅಂದಳು. ಅಮೆರಿಕದ ಟೆಕ್ಸಸ್‌ನಲ್ಲಿ, ಸಾನ್ ಆಂಟೋನಿಯೊದ ನನ್ನ ಆಫೀಸಿನವರೂ ಹೆಚ್ಚು ಕಡಿಮೆ ಅದನ್ನೇ ಹೇಳಿದರು. ಹಂಪ್ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಅಮ್ಮನ ಭಯ ಸುಳ್ಳು ಅಂತ ಹೇಳುತ್ತಿಲ್ಲ. ಅದಕ್ಕೆ ಮದ್ದು ನಕ್ಷೆಯಲ್ಲೇ ಇದೆ. ಬೈಕ್ ಓಡಿಸುವವರಿಗೆ ಮೆಕ್ಸಿಕೊ ಅಂದರೆ ಮೊದಲು ನೆನಪಾಗುವುದು ದುರಾಂಗೊದಿಂದ ಮಸಾತ್ಲಾನ್‌ಗೆ ಇಳಿಯುವ ಹಳೇ 40ನೇ ಹೆದ್ದಾರಿ. 'ದೆವ್ವದ ಬೆನ್ನುಮೂಳೆ' ಅಂತ ಅದಕ್ಕೆ ಹೆಸರು. ವರ್ಷಗಟ್ಟಲೆ ಕನಸು ಕಂಡಿದ್ದೆ. ಆದರೆ ನಾನು ಹೊರಟಿದ್ದು 2024ರ ಅಕ್ಟೋಬರ್ ಕೊನೆಗೆ. ಆ ಸೆಪ್ಟೆಂಬರ್‌ನಲ್ಲಿ ಸಿನಾಲೊವಾ ರಾಜ್ಯದ ಡ್ರಗ್ಸ್ ಗುಂಪು ಒಡೆದು ಅವರವರಲ್ಲೇ ಕಾದಾಟ ಶುರುವಾಗಿತ್ತು. ಮಸಾತ್ಲಾನ್ ಇರುವುದು ಅದೇ ರಾಜ್ಯದಲ್ಲಿ. ಬಿಟ್ಟುಬಿಟ್ಟೆ. ಅಮೆರಿಕ ಸರ್ಕಾರ ಮೆಕ್ಸಿಕೊದ ಒಂದೊಂದು ರಾಜ್ಯಕ್ಕೂ ಬೇರೆಬೇರೆ ಎಚ್ಚರಿಕೆ ಕೊಡುತ್ತದೆ. 'ಹೋಗಲೇಬೇಡಿ' ಪಟ್ಟಿಯಲ್ಲಿ ಸಿನಾಲೊವಾ, ಸಕಾತೇಕಾಸ್, ತಮೌಲಿಪಾಸ್ ಎಲ್ಲ ಇದ್ದವು. ಅದನ್ನು ನೋಡಿಕೊಂಡೇ ದಾರಿ ಹಾಕಿದೆ. ಟೆಕ್ಸಸ್ ಗಡಿಯ ಈಗಲ್ ಪಾಸ್‌ನಲ್ಲಿ ಸೇತುವೆ ದಾಟಿ ಪಿಯೆದ್ರಾಸ್ ನೆಗ್ರಾಸ್, ಅಲ್ಲಿಂದ 57ನೇ ಹೆದ್ದಾರಿಯಲ್ಲಿ ಸಾಲ್ತಿಯೊ, ಸಾನ್ ಲೂಯಿಸ್ ಪೊತೋಸಿ, ಕೆರೆತಾರೊ. ಮೆಕ್ಸಿಕೊ ಸಿಟಿಯನ್ನು ಬಳಸಿಕೊಂಡು ಪುಯೆಬ್ಲಾ, ಆಮೇಲೆ ವಾಹಾಕಾ. ಇದು ಅಂಥ ಸುಂದರ ದಾರಿಯೇನಲ್ಲ. ಅರ್ಧಕ್ಕರ್ಧ ಮರುಭೂಮಿ, ಲಾರಿ, ಮತ್ತೆ ಲಾರಿ.

ಕಾಗದಪತ್ರದ ಕಥೆ ಬೇಗ ಮುಗಿಸುತ್ತೇನೆ. ನಮ್ಮ ಭಾರತದ ಪಾಸ್‌ಪೋರ್ಟ್ ಇದ್ದರೂ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಗಾಡಿಗೆ ಮಾತ್ರ ತಾತ್ಕಾಲಿಕ ಪರ್ಮಿಟ್ ಬೇಕು. ಅದನ್ನು ಕೊಡುವುದು ಬಾನ್‌ಹೆರ್ಸಿತೊ ಅನ್ನುವ ಸೈನ್ಯದ ಬ್ಯಾಂಕು. 2007ರ ಅಥವಾ ಅದರ ನಂತರದ ಗಾಡಿಯಾದರೆ 400 ಡಾಲರ್ ಠೇವಣಿ ಇಡಬೇಕು, ವಾಪಸ್ ಬರುವಾಗ ಸಿಗುತ್ತದೆ. ಅಮೆರಿಕದ ಇನ್ಶೂರೆನ್ಸ್ ಗಡಿ ದಾಟಿದ ತಕ್ಷಣ ರದ್ದಿ ಕಾಗದ. ಮೆಕ್ಸಿಕೊದ್ದೇ ಪಾಲಿಸಿ ಬೇಕು, ಇದರಲ್ಲಿ ಚೌಕಾಸಿ ಬೇಡ. ಅಪಘಾತ ಆದರೆ ತಪ್ಪು ಯಾರದು ಅಂತ ತೀರ್ಮಾನ ಆಗುವ ತನಕ ನಿಮ್ಮನ್ನು ಕೂರಿಸಿಕೊಳ್ಳಬಹುದು. ಆಗ ನಿಮ್ಮ ಪರವಾಗಿ ಮಾತಾಡಲು ಸ್ಥಳಕ್ಕೇ ಬರುವವನು ಇನ್ಶೂರೆನ್ಸಿನ 'ಅಹುಸ್ತಾದೋರ್'. ಅವನ ನಂಬರನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸಿಕೊಂಡಿದ್ದೆ. ಫೋನ್ ಒಡೆದುಹೋದರೂ ಇರಲಿ ಅಂತ.

ನನ್ನ ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ಹಳೇ 411 ಸಿಸಿ. ಟೆಕ್ಸಸ್‌ನಲ್ಲಿ ಇದನ್ನು ನೋಡಿ ನಗುವವರೇ ಜಾಸ್ತಿ. ಟೋಲ್ ರಸ್ತೆಯಲ್ಲಿ 100 ದಾಟಿಸಿದರೆ ಅದಕ್ಕೂ ಬೇಸರ, ನನಗೂ ಬೇಸರ. ಆದರೆ 15 ಲೀಟರ್ ಟ್ಯಾಂಕ್ ಇದೆ, ತುಂಬಿಸಿದರೆ 400 ಕಿಮೀ ಚಿಂತೆ ಇಲ್ಲ. ನಿಧಾನದ ಗಾಡಿ ಅನ್ನುವುದೇ ಈ ಪ್ರಯಾಣದಲ್ಲಿ ನನ್ನನ್ನು ಕಾಯಿತು ಅಂತ ಈಗ ಅನಿಸುತ್ತದೆ.

ಇನ್ನು ಸಂಜೆ ನಾಲ್ಕರ ನಿಯಮ. ಮೆಕ್ಸಿಕೊದಲ್ಲಿ ರಾತ್ರಿ ಓಡಿಸಬೇಡ ಅಂತ ಎಲ್ಲರೂ ಹೇಳುತ್ತಾರೆ, ಕಾರಣ ಕಳ್ಳರು ಅಂತ ನಾವೇ ಅಂದುಕೊಳ್ಳುತ್ತೇವೆ. ನನಗೆ ಗೊತ್ತಾದ ಪ್ರಕಾರ ಮೊದಲ ಕಾರಣ ದನ. ಬೇಲಿ ಇಲ್ಲದ ಕಡೆ ಕತ್ತಲಾಗುತ್ತಿದ್ದಂತೆ ರಸ್ತೆಗೇ ಬಂದು ನಿಲ್ಲುತ್ತವೆ. ಎರಡನೆಯದು ಹಿಂದಿನ ದೀಪವೇ ಇಲ್ಲದ ಗಾಡಿಗಳು. ಮೂರನೆಯದು ಹಗಲಲ್ಲೇ ಕಾಣದ ಹಂಪ್. ನವೆಂಬರ್‌ನಲ್ಲಿ ಅಲ್ಲಿ ಆರಕ್ಕೆಲ್ಲ ಕತ್ತಲೆ. ಆರರ ತನಕ ಓಡಿಸ್ತೀನಿ ಅಂತ ಲೆಕ್ಕ ಹಾಕಿದರೆ ಒಂದು ಪಂಕ್ಚರ್ ಸಾಕು, ಕತ್ತಲಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ನಾಲ್ಕಕ್ಕೆ ನಿಲ್ಲಿಸುವ ಲೆಕ್ಕ ಇದ್ದರೆ ಕೈಯಲ್ಲಿ ಎರಡು ಗಂಟೆ ಉಳಿತಾಯ ಇರುತ್ತದೆ. ಹಾಗಾಗಿ ದಿನಕ್ಕೆ 300, ಒಳ್ಳೇ ರಸ್ತೆಯಾದರೆ 400 ಕಿಮೀ. ಅದಕ್ಕಿಂತ ಜಾಸ್ತಿ ಇಲ್ಲ.

ಅಲ್ಲಿ ದೂರದ ಊರುಗಳ ನಡುವೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. 'ಕ್ವೋತಾ' ಅಂದರೆ ಟೋಲ್ ರಸ್ತೆ, ನಂಬರಿನ ಕೊನೆಗೆ ಡಿ ಅಂತ ಇರುತ್ತದೆ. 'ಲೀಬ್ರೆ' ಅಂದರೆ ಬಿಟ್ಟಿ ರಸ್ತೆ. ಟೋಲ್‌ನಲ್ಲಿ ಹಂಪ್, ದನ ಎರಡೂ ಕಡಿಮೆ. ದುಡ್ಡು ಕೊಟ್ಟಾಗ ಸಿಗುವ ಚೀಟಿಯನ್ನು ಬಿಸಾಡಬೇಡಿ. ಆ ಚೀಟಿಯ ಜೊತೆ ಆ ರಸ್ತೆಯ ಮಟ್ಟಿಗೆ ಅಪಘಾತ ವಿಮೆಯೂ ಸೇರಿರುತ್ತದೆ. ಕೈಯಲ್ಲಿ ಪೇಸೊ ನೋಟು ಇರಲಿ. ದೊಡ್ಡ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 078ಕ್ಕೆ ಫೋನ್ ಮಾಡಬೇಕು. 'ಹಸಿರು ದೇವದೂತರು' ಅಂತ ಕರೆಯುವ ಸರ್ಕಾರಿ ಮೆಕ್ಯಾನಿಕ್‌ಗಳು ಹಸಿರು ಗಾಡಿಯಲ್ಲಿ ಬರುತ್ತಾರೆ. ಕೂಲಿ ಇಲ್ಲ, ಸಾಮಾನಿಗೆ ಮಾತ್ರ ಕಾಸು. 1960ರಿಂದ ಇದು ನಡೆಯುತ್ತಿದೆ. ನನಗೆ ಕರೆಯುವ ಸಂದರ್ಭ ಬರಲಿಲ್ಲ. ಆದರೂ ದಾರಿಯಲ್ಲಿ ಒಂದು ಹಸಿರು ಗಾಡಿ ಕಂಡರೆ ಸುಮ್ನೆ ಸಮಾಧಾನ ಆಗುತ್ತಿತ್ತು.

ಬಿಟ್ಟಿ ರಸ್ತೆಗೆ ಇಳಿದ ದಿನ ನನಗೆ ಊರಿಗೆ ಬಂದ ಹಾಗೆ ಅನಿಸಿತು. ಎದುರಿನವನು ಹೆಡ್‌ಲೈಟ್ ಮಿನುಗಿಸಿದರೆ ಟೆಕ್ಸಸ್‌ನಲ್ಲಿ 'ನೀನು ಹೋಗು' ಅಂತ ಅರ್ಥ. ಮೆಕ್ಸಿಕೊದ ಕಿರಿದಾದ ಸೇತುವೆ ಮೇಲೆ 'ನಾನು ಬರ್ತಿದೀನಿ, ನೀನು ನಿಲ್ಲು' ಅಂತ. ಥೇಟ್ ನಮ್ಮ ಕಡೆಯ ಹಾಗೆ! ಕೆಟ್ಟು ನಿಂತ ಲಾರಿಗಿಂತ ಮುಂಚೆ ರಸ್ತೆಗೆ ಸೊಪ್ಪಿನ ಕೊಂಬೆ, ಕಲ್ಲು ಇಡುವುದೂ ಅಲ್ಲಿ ಇದೆ. ಎದುರಿನಿಂದ ಓವರ್‌ಟೇಕ್ ಮಾಡುವವನು ನೀವು ಅಂಚಿಗೆ ಸರಿಯುತ್ತೀರಿ ಅಂತಲೇ ಲೆಕ್ಕ ಹಾಕಿ ಬರುತ್ತಾನೆ. ಬೈಕಿನವನಂತೂ ಸರಿಯಲೇಬೇಕು. ಹಕ್ಕು ನಮ್ಮದು ಅಂತ ನಡುವೆ ನಿಂತರೆ ಆಯಿತು ಕಥೆ.

ಹೀಗೆ ಎಲ್ಲ ಗೊತ್ತಿದೆ ಅನ್ನುವ ಧೈರ್ಯವೇ ಒಂದು ಕಡೆ ಕೈ ಕೊಡುತ್ತಿತ್ತು. ನಿಧಾನವಾಗಿ ಹತ್ತುತ್ತಿರುವ ಲಾರಿ ಎಡಗಡೆಯ ಇಂಡಿಕೇಟರ್ ಹಾಕಿತು. ಅಲ್ಲಿ ಬಲಬದಿ ಸಂಚಾರ, ಓವರ್‌ಟೇಕ್ ಎಡದಿಂದ. ನಮ್ಮೂರ ಲಾರಿಯವನು ಬಲಗಡೆ ಇಂಡಿಕೇಟರ್ ಹಾಕಿ 'ಹೋಗಪ್ಪಾ' ಅನ್ನುತ್ತಾನಲ್ಲ, ಅದೇ ಇದು ಅಂತ ನುಗ್ಗಿದೆ. ಅದು ನಿಜವೂ ಹೌದು, ಅಲ್ಲಿಯೂ ಹಾಗೇ ಮಾಡುತ್ತಾರೆ. ಆದರೆ ಆ ಲಾರಿಯವನು ನಿಜವಾಗಿಯೇ ಎಡಕ್ಕೆ, ಒಂದು ಜಲ್ಲಿ ಕ್ವಾರಿಯ ದಾರಿಗೆ ತಿರುಗುತ್ತಿದ್ದ. ಬ್ರೇಕ್ ಹಿಡಿದು ಹಿಂದೆ ಸರಿದೆ. ಅವತ್ತಿನಿಂದ ಎಡಗಡೆ ತಿರುವು, ಗೇಟು, ಮಣ್ಣುದಾರಿ ಏನಾದರೂ ಇದೆಯಾ ಅಂತ ನೋಡದೆ ಯಾವ ಇಂಡಿಕೇಟರನ್ನೂ ನಂಬಲಿಲ್ಲ.

57ನೇ ಹೆದ್ದಾರಿಯ ಲಾರಿಗಳ ಬಗ್ಗೆ ಒಂದು ಮಾತು. ಎರಡೆರಡು ಟ್ರೇಲರ್ ಎಳೆಯುವ, ಸುಮಾರು 30 ಮೀಟರ್ ಉದ್ದದ ಲಾರಿಗಳು. ಪಕ್ಕದಲ್ಲಿ ಹಾದುಹೋದಾಗ ಗಾಳಿ ಮೊದಲು ತಳ್ಳುತ್ತದೆ, ಆಮೇಲೆ ಒಳಕ್ಕೆ ಎಳೆಯುತ್ತದೆ. ಹ್ಯಾಂಡಲ್ ಬಿಗಿ ಹಿಡಿದಷ್ಟೂ ಗಾಡಿ ಅಲ್ಲಾಡುತ್ತದೆ. ಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದು ಕೈ ಸಡಿಲ ಬಿಡುವುದನ್ನು ಕಲಿಯಲು ನನಗೆ ಒಂದು ದಿನ ಬೇಕಾಯಿತು.

ಚೆಕ್‌ಪೋಸ್ಟ್‌ಗಳಲ್ಲಿ ಬಂದೂಕು ಹಿಡಿದ ಸೈನಿಕರು ನಿಂತಿರುತ್ತಾರೆ. ಮೊದಲ ಸಲ ಎದೆ ಢವಢವ ಅಂದಿತು. ಎಂಜಿನ್ ಆಫ್ ಮಾಡಿ, ತಂಪು ಕನ್ನಡಕ ತೆಗೆದು, ಹೆಲ್ಮೆಟ್ ಎತ್ತಿ ಮುಖ ತೋರಿಸಿ ಮೊದಲು ನಮಸ್ಕಾರ ಹೇಳಬೇಕು. ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತೀಯ ಅಂತ ಕೇಳುತ್ತಾರೆ. ಇಂಡಿಯಾ ಅಂದರೆ "ಆ, ಇಂದೂ!" ಅನ್ನುತ್ತಾರೆ. ಯಾವ ಧರ್ಮದವರಾದರೂ ಸರಿ, ಭಾರತದವರೆಲ್ಲ ಅಲ್ಲಿ ಇಂದೂ. ಒಬ್ಬ ಹುಡುಗ ಬ್ಯಾಗ್ ತೆಗೆಸಿ ನೋಡಿದ, ಚಟ್ನಿಪುಡಿ ಡಬ್ಬ ಕಂಡು ಮೂಸಿದ, ಸೀನಿದ. ಇಬ್ಬರೂ ನಕ್ಕೆವು.

ಟ್ರಾಫಿಕ್ ಪೊಲೀಸರ ವಿಷಯ ಬೇರೆ. ಊರಿನ ಹೆಸರು ಬೇಡ. ಇಲ್ಲದ ಸಿಗ್ನಲ್ ದಾಟಿದೆ ಅಂತ ಒಬ್ಬ ನಿಲ್ಲಿಸಿದ. ಲಂಚಕ್ಕೆ ಅಲ್ಲಿ 'ಮೊರ್ದೀದಾ' ಅನ್ನುತ್ತಾರೆ, ಕಚ್ಚುವುದು ಅಂತ ಅರ್ಥ. ನಾನು ಗಾಬರಿಯಾಗಿ 200 ಪೇಸೊ ಕಚ್ಚಿಸಿಕೊಂಡೆ. ಹೇಳಿಕೊಳ್ಳಲು ನಾಚಿಕೆ. ಎರಡನೇ ಸಲ ಇನ್ನೊಂದು ಊರಿನಲ್ಲಿ ಬುದ್ಧಿ ಬಂದಿತ್ತು. ಗಾಡಿಯಿಂದ ಇಳಿದೆ, ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟೆ, ನೀರು ಕುಡಿದೆ. "ದಂಡದ ಚೀಟಿ ಬರೆದುಕೊಡಿ, ಸ್ಟೇಷನ್ನಿನಲ್ಲೇ ಕಟ್ಟುತ್ತೇನೆ" ಅಂತ ಹರಕು ಸ್ಪ್ಯಾನಿಷ್‌ನಲ್ಲಿ ಹೇಳಿ ಕೂತೆ. ಜಗಳ ಇಲ್ಲ, ಅವಸರವೂ ಇಲ್ಲ. ಇಪ್ಪತ್ತು ನಿಮಿಷಕ್ಕೆ ಅವನಿಗೇ ಸಾಕಾಯಿತು, ಲೈಸೆನ್ಸ್ ವಾಪಸ್ ಕೊಟ್ಟ. ನಾನು ಕೊಟ್ಟಿದ್ದೂ ಕಲರ್ ಕಾಪಿ, ಅಸಲಿ ಜೇಬಲ್ಲೇ ಇತ್ತು.

ವಾಹಾಕಾ ರಾಜ್ಯದಲ್ಲಿ ಊರಿನವರು ಬೇಡಿಕೆ ಇಟ್ಟು ರಸ್ತೆ ತಡೆಯುವುದು ಮಾಮೂಲು. ಒಂದು ಹಳ್ಳಿಯಲ್ಲಿ ಅಡ್ಡಲಾಗಿ ಹಗ್ಗ, ಹಿಂದೆ ಲಾರಿಗಳ ಸಾಲು. ಗಣೇಶನ ಚಂದಾಕ್ಕೆ ಹುಡುಗರು ಹಗ್ಗ ಹಿಡಿದ ಹಾಗೇ ಕಂಡಿತು, ಆದರೆ ಇದು ಆಟ ಅಲ್ಲ. ಸಂದಿಯಲ್ಲಿ ನುಗ್ಗಿಸಬಾರದು, ಫೋಟೊ ತೆಗೆಯಬಾರದು. ಗಾಡಿ ಆಫ್ ಮಾಡಿ ನಡೆದುಕೊಂಡು ಹೋಗಿ ಕೇಳಿದೆ. ಕಾಯಿ ಅಂದರು. ಕಾದೆ. ಒಂದೂವರೆ ಗಂಟೆ ಆದ ಮೇಲೆ ಹಿರಿಯರೊಬ್ಬರು ಬಂದು, ತಳ್ಳಿಕೊಂಡು ಹೋಗು ಅಂತ ಕೈ ತೋರಿಸಿದರು.

ಇದನ್ನೆಲ್ಲ ಮುಂಚೆಯೇ ತಿಳಿಯಲು ನಾನು ನಂಬಿದ್ದು ಒಂದು ಪ್ರಶ್ನೆಯನ್ನು. ಬೆಳಿಗ್ಗೆ ಲಾಡ್ಜಿನ ಅಜ್ಜಿಯನ್ನು, ಪೆಟ್ರೋಲ್ ಹಾಕುವವನನ್ನು, ಲಾರಿ ಡ್ರೈವರನ್ನು ಕೇಳುತ್ತಿದ್ದೆ: "ಕೋಮೊ ಎಸ್ತಾ ಎಲ್ ಕಮೀನೊ?" ದಾರಿ ಹೇಗಿದೆ? 'ಅಪಾಯನಾ' ಅಂತ ಕೇಳಿದರೆ ಮರ್ಯಾದೆಗೆ ಇಲ್ಲ ಅಂದುಬಿಡುತ್ತಾರೆ. ಹೇಗಿದೆ ಅಂದರೆ ಬಾಯಿ ಬಿಡುತ್ತಾರೆ. "ತ್ರಾಂಕೀಲೊ" ಅಂತ ತಕ್ಷಣ ಬಂದರೆ ಆರಾಮ ಅಂತ. ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಹೇಳಿದರೆ ಇನ್ನಿಬ್ಬರನ್ನು ಕೇಳುತ್ತಿದ್ದೆ. ಒಮ್ಮೆ ಮೂವರೂ ತಡವರಿಸಿದರು. ಅವತ್ತು ದುಡ್ಡು ಕೊಟ್ಟು ಟೋಲ್ ರಸ್ತೆಯಲ್ಲೇ ಹೋದೆ.

ರಾತ್ರಿ ಗಾಡಿ ಬೀದಿಯಲ್ಲಿ ಬಿಡಲಿಲ್ಲ. ಹಳೇ ಊರುಗಳ ಲಾಡ್ಜುಗಳು ನಮ್ಮ ತೊಟ್ಟಿ ಮನೆಯ ಹಾಗೆ, ನಡುವೆ ಅಂಗಳ. ಕೇಳಿದರೆ ಬೈಕನ್ನು ಒಳಗೇ ತಳ್ಳಿಸಿಕೊಳ್ಳುತ್ತಾರೆ. ವಾಹಾಕಾ ಸೇರಿದ್ದು ಅಕ್ಟೋಬರ್ 31ಕ್ಕೆ, ಸತ್ತವರ ಹಬ್ಬದ ಹೊತ್ತಿಗೆ. ಊರೆಲ್ಲ ಚೆಂಡು ಹೂವು. ನಮ್ಮ ದೀಪಾವಳಿಗೆ ಗಾಡಿಗೆ ಕಟ್ಟುವ ಈ ಹೂವಿನ ಮೂಲ ಆ ನೆಲವೇ. ಹಬ್ಬ ಅಂದ ಮೇಲೆ ಕುಡಿತವೂ ಇರುತ್ತದೆ, ಕುಡಿದು ಓಡಿಸುವವರೂ ಇರುತ್ತಾರೆ. ನವೆಂಬರ್ 3ರ ತನಕ ಬೈಕ್ ಅಂಗಳದಲ್ಲೇ ಇತ್ತು, ನಾನು ನಡೆದುಕೊಂಡೇ ಹಬ್ಬ ನೋಡಿದೆ.

ಮರುದಿನ ಹೊರಟೆ, ಅವತ್ತೇ ಆ ಹಂಪ್. ಅಲ್ಲಿ ಹಂಪಿಗೆ 'ತೋಪೆ' ಅನ್ನುತ್ತಾರೆ. ಗಾಡಿ ತಳ್ಳಿಕೊಂಡು ಅರ್ಧ ಕಿಮೀ ಹೋದರೆ ಹಳೇ ಟೈರ್ ನೇತುಹಾಕಿದ ಅಂಗಡಿ. ಪಂಕ್ಚರ್ ಅಂಗಡಿಗೆ ಜಗತ್ತಿನಲ್ಲಿ ಬೇರೆ ಬೋರ್ಡ್ ಬೇಡ, ಅಲ್ವಾ? ಅಂಗಡಿ ಹುಡುಗನ ಸ್ವಂತ ಗಾಡಿ ಬಜಾಜ್ ಪಲ್ಸರ್. ಅದು ನಮ್ಮ ದೇಶದ್ದು ಅಂದರೆ ಅವನು ನಂಬಲೇ ಇಲ್ಲ. ರಿಮ್ಮಿಗೆ ಮರದ ತುಂಡು ಕೊಟ್ಟು ಸುತ್ತಿಗೆಯಲ್ಲಿ ಬಡಿದು ನೇರ ಮಾಡಿದ, ನನ್ನ ಹತ್ತಿರ ಇದ್ದ ಸ್ಪೇರ್ ಟ್ಯೂಬ್ ಹಾಕಿದ. 150 ಪೇಸೊ ಕೇಳಿದ, 200 ಕೊಟ್ಟೆ.

ಆಮೇಲೆ ಒಂದು ಪಾಠ ಹೇಳಿದ, ನಾನು ಎಲ್ಲೂ ಓದಿರದಿದ್ದದ್ದು. ರಸ್ತೆಯನ್ನು ನೋಡಬೇಡ, ಮಾರುವವರನ್ನು ನೋಡು ಅಂದ. ಖಾಲಿ ರಸ್ತೆಯ ಪಕ್ಕ ಒಬ್ಬ ಹೆಂಗಸು ಹಣ್ಣಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದಾಳೆ ಅಂದರೆ ಅಲ್ಲಿ ತೋಪೆ ಇದ್ದೇ ಇದೆ, ಗಾಡಿ ನಿಧಾನ ಆಗದ ಕಡೆ ಯಾರು ವ್ಯಾಪಾರ ಮಾಡುತ್ತಾರೆ? ಯಾರೂ ಇಲ್ಲದ ಕಡೆ ಊರಿನ ಪಿಕಪ್ ಒಂದರ ಹಿಂದೆ ಹೋಗು, ಅದರ ಬ್ರೇಕ್ ಲೈಟ್ ನೋಡು ಅಂದ. ಆಮೇಲೆ ಉಳಿದ ದಿನ ಒಂದೂ ತಪ್ಪಲಿಲ್ಲ.

ಕೆಲಸ ಮುಗಿದಾಗ ಎರಡೂವರೆ. ಸಾನ್ ಹೊಸೆ ದೆಲ್ ಪಸಿಫಿಕೊಗೆ ಹೋಗಿ ಉಳಿಯುವುದು ನನ್ನ ಲೆಕ್ಕವಾಗಿತ್ತು. ಬೆಟ್ಟದ ಮೇಲಿನ ಊರು, ಮಧ್ಯಾಹ್ನದ ಮೇಲೆ ಚಾರ್ಮಾಡಿಯ ಹಾಗೆ ಮಂಜು ಕವಿಯುತ್ತದೆ. ಹೋಗಬಹುದಿತ್ತು ಅನ್ನಿ. ಮನಸ್ಸೂ ಎಳೆಯಿತು. ಹುಡುಗನನ್ನೇ ಕೇಳಿದೆ, ಕೋಮೊ ಎಸ್ತಾ ಎಲ್ ಕಮೀನೊ? ಅವನು ಬೆಟ್ಟದ ಕಡೆ ನೋಡಿ ಸುಮ್ಮನಾದ. ಮಿಯಾವಾತ್ಲಾನ್‌ನಲ್ಲೇ ರೂಮ್ ಹಿಡಿದೆ. ಮನೆಗೆ ಲೊಕೇಶನ್ ಕಳಿಸಿ, ಬೀನ್ಸ್ ಪಲ್ಯದ ಜೊತೆ ಟೊರ್ತಿಯಾ ತಿಂದು ಎಂಟಕ್ಕೇ ಮಲಗಿದೆ. ಬೆಳಿಗ್ಗೆ ಘಟ್ಟ ಹತ್ತಿದಾಗ ಆಕಾಶ ತಿಳಿಯಾಗಿತ್ತು, ತಿರುವುಗಳೆಲ್ಲ ನನ್ನವೇ.

ನವೆಂಬರ್ 12ಕ್ಕೆ ಗಡಿಗೆ ವಾಪಸ್. ಪರ್ಮಿಟ್ ರದ್ದು ಮಾಡಿಸದೆ ಸೇತುವೆ ದಾಟಿದರೆ 400 ಡಾಲರ್ ಹೋದ ಹಾಗೆ. ಹಾಗಾಗಿ ಊಟ ಬಿಟ್ಟು ಮೊದಲು ಕೌಂಟರಿಗೆ ಹೋದೆ. ಅಲ್ಲಿದ್ದವರು ಹೊರಗೆ ಬಂದು ಚಾಸಿ ನಂಬರ್ ನೋಡಿದರು, ಫೋಟೊ ತೆಗೆದರು, ರಸೀದಿ ಕೊಟ್ಟರು. ಅಷ್ಟೆಲ್ಲ ಆದ ಮೇಲೆ ಮುಂದಿನ ಚಕ್ರ ನೋಡಿ, ತೋಪೆನಾ ಅಂತ ಕೇಳಿದರು. ಹೌದು ಅಂದೆ.