ಗಡಿನಾಡಿನ ಮಕ್ಕಳನ್ನು ಪಿಎಚ್.ಡಿ.ಗೆ ಸಿದ್ಧಗೊಳಿಸುವುದು: ಕಾಸರಗೋಡಿನ ಅಧ್ಯಾಪಕರಿಗೊಂದು ಕೈಪಿಡಿ

ಬೀಡಿ ಕಟ್ಟುವವರ, ಕೂಲಿಯವರ, ಮೀನುಗಾರರ ಮನೆಗಳಿಂದ ಬಂದು ಮಂಜೇಶ್ವರ, ಕಾಸರಗೋಡಿನ ಸರಕಾರಿ ಕಾಲೇಜುಗಳಲ್ಲಿ ಓದುವ ಮಕ್ಕಳಿಗೆ ಪಿಎಚ್.ಡಿ. ದಾರಿ ತಪ್ಪುವುದು ಹೆಚ್ಚಾಗಿ ಪರೀಕ್ಷೆಗಿಂತ ಮೊದಲೇ. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಎರಡೋ ಮೂರೋ ವಾರ ಸಿಗುತ್ತದೆ, ಅಷ್ಟರಲ್ಲಿ ಏನೂ ಆಗದು. ಎಂ.ಎ. ಮೊದಲ ವರ್ಷದಲ್ಲೇ ಕೆಲಸ ಶುರುಮಾಡಿ.

ಮೊದಲು ಕಾಗದಪತ್ರ

ವಿದ್ಯಾರ್ಥಿಯ ಎಸ್ಸೆಸ್ಸೆಲ್ಸಿ ಪುಸ್ತಕ, ಆಧಾರ್, ಪದವಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ ನಾಲ್ಕನ್ನೂ ಮೇಜಿನ ಮೇಲಿಟ್ಟು ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಕನ್ನಡದ ಹೆಸರು ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಸ್ಪೆಲ್ಲಿಂಗ್ ಬದಲಾಗುವುದು, ಇನಿಷಿಯಲ್ ಹಿಂದೆ ಮುಂದೆ ಆಗುವುದು ನಮ್ಮಲ್ಲಿ ಮಾಮೂಲು. ಅರ್ಜಿಯಲ್ಲಿ ಹತ್ತನೆಯ ತರಗತಿಯ ಪುಸ್ತಕದಲ್ಲಿದ್ದ ಹಾಗೆಯೇ ಬರೆಯಬೇಕು. ಆಧಾರ್ ಬೇರೆಯಿದ್ದರೆ ಅದನ್ನು ತಿದ್ದಿಸಿ. ತಿದ್ದಲಾಗದ ಹಳೆಯ ದಾಖಲೆಯಿದ್ದರೆ ಅಕ್ಷಯ ಕೇಂದ್ರದ ಮೂಲಕ ವಿಲೇಜ್ ಆಫೀಸಿನಿಂದ ಎರಡೂ ಹೆಸರು ಒಬ್ಬರದೇ ಎನ್ನುವ ‘ಒನ್ ಆಂಡ್ ದ ಸೇಮ್’ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳಿ.

ಹಿಂದುಳಿದ ವರ್ಗದವರು ಎಡವುವುದು ಇಲ್ಲೇ. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ, ನಮೂನೆಯೂ ಬೇರೆ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ನೆಟ್‌ಗೂ (ಅಧ್ಯಾಪಕ ಹುದ್ದೆಗೆ, ಸಂಶೋಧನೆಗೆ ಅರ್ಹತೆ ಕೊಡುವ ರಾಷ್ಟ್ರೀಯ ಪರೀಕ್ಷೆ) ಬೇಕಾದದ್ದು ಕೇಂದ್ರದ ನಮೂನೆಯ ನಾನ್ ಕ್ರೀಮಿಲೇಯರ್ ಪತ್ರ, ಅಂದರೆ ಹಿಂದುಳಿದ ವರ್ಗದೊಳಗಿನ ಸ್ಥಿತಿವಂತರಲ್ಲ ಎನ್ನುವ ಪತ್ರ. ಅದರ ದಿನಾಂಕ ಹಳೆಯದಾಗಿದ್ದರೆ ನಡೆಯದು, ಹಾಗಾಗಿ ಪ್ರತಿ ಏಪ್ರಿಲ್‌ನಲ್ಲಿ ಹೊಸದು ಮಾಡಿಸುವುದನ್ನು ರೂಢಿ ಮಾಡಿಸಿ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಇನ್ನೊಂದು ತೊಡಕು. ಕೇರಳದ ಪ್ರಮಾಣಪತ್ರಕ್ಕೆ ಕೇಂದ್ರೀಯ ಸಂಸ್ಥೆಗಳಲ್ಲಿ ಪೂರ್ಣ ಬೆಲೆಯಿದೆ. ಆದರೆ ಕರ್ನಾಟಕದಲ್ಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಅರ್ಜಿ ಹಾಕಿದರೆ ಅಲ್ಲಿನ ರಾಜ್ಯ ಮೀಸಲಾತಿ ಸಾಮಾನ್ಯವಾಗಿ ಹೊರರಾಜ್ಯದವರಿಗೆ ಸಿಗುವುದಿಲ್ಲ. ಎರಡೂ ರಾಜ್ಯಗಳ ಪಟ್ಟಿಯಲ್ಲಿರುವ ಕೊರಗ ಸಮುದಾಯದ ವಿದ್ಯಾರ್ಥಿಗೂ ಈ ಮಾತು ಅನ್ವಯಿಸುತ್ತದೆ. ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಸೀಟು ಉಂಟೇ ಎಂದು ಆ ವರ್ಷದ ಅಧಿಸೂಚನೆಯನ್ನೇ ಓದಿ ನೋಡಿ, ಕೇಳಿದ ಮಾತನ್ನು ನಂಬಬೇಡಿ. ಕಣ್ಣೂರು ವಿಶ್ವವಿದ್ಯಾಲಯದಿಂದ ಹೊರಗೆ ಹೋಗುವವರಿಗೆ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು, ಫಲಿತಾಂಶ ಬಂದ ಕೂಡಲೇ ಅರ್ಜಿ ಕೊಡಿಸಿ.

ನೆಟ್

ಮೊದಲ ಪತ್ರಿಕೆಗೆ 50 ಪ್ರಶ್ನೆ, 100 ಅಂಕ. ಎರಡನೆಯದಕ್ಕೆ 100 ಪ್ರಶ್ನೆ, 200 ಅಂಕ. ಎರಡಕ್ಕೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕನ್ನಡ ಎಂ.ಎ. ಮಾಡಿದವರಿಗೂ ಮೊದಲ ಪತ್ರಿಕೆ ಇರುವುದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಚರಿತ್ರೆ, ಅರ್ಥಶಾಸ್ತ್ರದವರಿಗಂತೂ ಎರಡೂ ಹಾಗೆಯೇ. ಕನ್ನಡ ಮಾಧ್ಯಮದ ಮಕ್ಕಳು ಪಾಠ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದೆ ಸೋಲುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳಿಂದ ಪದೇಪದೇ ಬರುವ ಇಂಗ್ಲಿಷ್ ಪದಗಳನ್ನು ಆರಿಸಿ, ಎದುರಿಗೆ ಕನ್ನಡ ಅರ್ಥ ಬರೆದ ನೋಟ್‌ಬುಕ್ ಒಂದನ್ನು ಮಾಡಿಸಿ. ಭಾರತೀಯ ತರ್ಕದ ಭಾಗದಲ್ಲಿ ಪ್ರತ್ಯಕ್ಷ, ಅನುಮಾನ, ವ್ಯಾಪ್ತಿ, ಹೇತ್ವಾಭಾಸ ಎಂಬ ಪದಗಳೇ ಬರುವುದರಿಂದ ಕನ್ನಡದವರಿಗೆ ಅದು ಸಲೀಸು. ಅಲ್ಲಿಂದಲೇ ಆರಂಭಿಸಿದರೆ ಧೈರ್ಯ ಬರುತ್ತದೆ.

2024ರಿಂದ ನೆಟ್ ಫಲಿತಾಂಶ ಮೂರು ದರ್ಜೆಯಲ್ಲಿ ಬರುತ್ತದೆ. ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ತಿಂಗಳ ಫೆಲೋಶಿಪ್) ಸಿಗದವರೂ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರಾಗಬಹುದು. ಅವರ ಆಯ್ಕೆಯಲ್ಲಿ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30 ಶೇಕಡಾ ತೂಕ. ಈ ಅರ್ಹತೆಗೆ ಒಂದೇ ವರ್ಷ ಆಯುಸ್ಸು, ಅಷ್ಟರೊಳಗೆ ಸೇರಿಬಿಡಬೇಕು.

ಪ್ರಸ್ತಾವ

ಏನನ್ನು, ಹೇಗೆ ಸಂಶೋಧಿಸುತ್ತೇನೆಂದು ಮೊದಲೇ ಬರೆದುಕೊಡುವುದೇ ಪ್ರಸ್ತಾವ. ಹೆಚ್ಚು ಸಮಯ ಇಲ್ಲಿಗೆ ಕೊಡಿ. ಟ್ಯೂಷನ್ ಸೆಂಟರುಗಳು ನೆಟ್ ಕಲಿಸುತ್ತವೆ, ಪ್ರಸ್ತಾವ ಬರೆಯುವುದನ್ನು ಯಾರೂ ಕಲಿಸುವುದಿಲ್ಲ. ಮೇಷ್ಟ್ರುಗಳ, ಡಾಕ್ಟರುಗಳ ಮನೆಯ ಮಕ್ಕಳಿಗೆ ಇದು ಊಟದ ಹೊತ್ತಿನ ಮಾತುಕತೆಯಲ್ಲೇ ಸಿಕ್ಕಿರುತ್ತದೆ.

‘ಕಾಸರಗೋಡಿನ ಜಾನಪದ’ ಎಂದು ಬರೆದು ತಂದರೆ ಅದು ವಿಷಯವಾಗಲಿಲ್ಲ, ಬರೀ ಕ್ಷೇತ್ರ. ‘ಕಾಸರಗೋಡಿನ ಸುರಂಗಗಳು’ ಎಂದರೂ ಸಾಲದು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಈ ನೀರಿನ ಸುರಂಗಗಳನ್ನು ಬಣ್ಣಿಸುವ ಬರಹ ಸಾಕಷ್ಟಿದೆ. ‘ಬೋರ್‌ವೆಲ್ ಬಂದ ಮೇಲೆ ಬಾಯಾರು, ಪೈವಳಿಕೆಯ ಸುರಂಗ ತೋಡುವವರ ಕಸುಬು, ಕೂಲಿ, ತಿಳಿವಳಿಕೆ ಯಾವ ರೀತಿ ಬದಲಾದವು?’ ಎಂದಾಗ ಕೆಲಸಕ್ಕೆ ಅಂಚು ಸಿಗುತ್ತದೆ: ಇಂಥ ಊರು, ಇಂಥ ಜನ, ಇಂಥ ಕಾಲ. ವಿದ್ಯಾರ್ಥಿ ತಂದ ವಿಷಯಕ್ಕೆ ‘ಯಾರದು, ಎಲ್ಲಿಯದು, ಯಾವಾಗಿನದು, ಏನು ಗೊತ್ತಾಗಬೇಕು’ ಎಂದು ನಾಲ್ಕು ಪ್ರಶ್ನೆ ಕೇಳಿ. ಉತ್ತರಗಳನ್ನು ಒಂದೇ ವಾಕ್ಯಕ್ಕೆ ತರುವವರೆಗೆ ಮುಂದೆ ಹೋಗಬೇಡಿ.

ಆಮೇಲೆ ಶೋಧಗಂಗಾದಲ್ಲಿ ಹುಡುಕಿಸಿ. ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಇಂಗ್ಲಿಷಿನ ಎರಡು ಮೂರು ಸ್ಪೆಲ್ಲಿಂಗ್‌ಗಳಲ್ಲೂ ಹುಡುಕಬೇಕು, ಇಲ್ಲದಿದ್ದರೆ ಇದ್ದದ್ದೂ ಕಾಣುವುದಿಲ್ಲ. ಸಿಕ್ಕಿದ ಪ್ರತಿ ಪ್ರಬಂಧದ ಪೀಠಿಕೆ, ಸಮಾರೋಪ ಓದಿ ಐದು ಸಾಲು ಬರೆಯಲಿ: ಪ್ರಶ್ನೆ ಏನು, ಆಕರ ಯಾವುದು, ವಿಧಾನ ಯಾವುದು, ಏನು ಹೇಳಿದರು, ಏನು ಬಿಟ್ಟರು. ವಾರಕ್ಕೊಂದು ಸಾಕು. ಕೊನೆಯ ಸಾಲುಗಳನ್ನು ಮಾತ್ರ ಒಟ್ಟಿಗೆ ಓದಿದರೆ ತನ್ನ ವಿಷಯಕ್ಕೆ ಜಾಗ ಎಲ್ಲಿದೆ ಎಂದು ಅವರಿಗೇ ಹೊಳೆಯುತ್ತದೆ.

ಆಕರಗಳ ಬಗ್ಗೆ ಗಡಿಯವರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು, ಅದೂ ಬಹುಕಾಲ ಮದ್ರಾಸಿನ ಆಡಳಿತದಲ್ಲಿ. ಹಾಗಾಗಿ ಹಳೆಯ ಕಡತಗಳನ್ನು ತಿರುವನಂತಪುರದಲ್ಲಿ ಮಾತ್ರ ಹುಡುಕಿ ಸಿಗಲಿಲ್ಲವೆಂದು ಬಿಡಬಾರದು. ಮಂಗಳೂರಿನಲ್ಲಿ, ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ನೋಡಬೇಕು. ಆ ಪ್ರಯಾಣಕ್ಕೆ, ಅಲ್ಲಿ ತಂಗಲು ಹಣ ಎಲ್ಲಿಂದ ಎಂಬುದನ್ನು ಈಗಲೇ ಲೆಕ್ಕ ಹಾಕಿಸಿ.

ತುಳು, ಮಲಯಾಳ, ಕನ್ನಡ, ಕೆಲವರಿಗೆ ಬ್ಯಾರಿ, ಮರಾಟಿ: ಇಷ್ಟು ಭಾಷೆಗಳಲ್ಲಿ ಮಾತನಾಡಬಲ್ಲ ವಿದ್ಯಾರ್ಥಿ ಅದನ್ನು ಯೋಗ್ಯತೆಯೆಂದೇ ಎಣಿಸಿರುವುದಿಲ್ಲ. ಯಾವ ಭಾಷೆಯಲ್ಲಿ ಸಂದರ್ಶನ ಮಾಡುತ್ತೇನೆ, ಯಾವುದರಲ್ಲಿ ದಾಖಲೆ ಓದುತ್ತೇನೆ ಎಂದು ವಿಧಾನದ ಭಾಗದಲ್ಲಿ ಬಿಡಿಸಿ ಬರೆಸಿ. ಬೇರೆಯವರಿಗೆ ದುಭಾಷಿ ಬೇಕಾಗುವ ಕಡೆ ಇವರೇ ನೇರವಾಗಿ ಕೇಳಿ ತಿಳಿಯಬಲ್ಲರು. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಂಥ ವಿಷಯ ಆರಿಸಿದರೆ ಮನೆಯವರ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ ಹೇಗೆ ಪಡೆಯುತ್ತಾರೆಂಬ ಒಂದು ಪ್ಯಾರಾ ಇರಲೇಬೇಕು. ಆ ಮನೆಗಳವರು ಬಂದವರಿಗೆಲ್ಲ ಹೇಳಿ ದಣಿದಿದ್ದಾರೆ.

ಬರೆದದ್ದನ್ನು ನಕಲು ತಪಾಸಣೆಯ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿ. 2018ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಂತೆ ಪ್ರಬಂಧದಲ್ಲಿ 10 ಶೇಕಡಾದವರೆಗಿನ ಹೋಲಿಕೆಗೆ ದಂಡವಿಲ್ಲ. ಆದರೆ ನೋಟ್ಸ್ ಬರೆದುಕೊಳ್ಳುವಾಗ ಉದ್ಧರಣ ಚಿಹ್ನೆ ಹಾಕದಿದ್ದರೆ ಯಾವುದು ತನ್ನ ಮಾತು ಎಂದು ತನಗೇ ಗೊತ್ತಾಗದೆ ಹೋಗುತ್ತದೆ.

ಹಣ ಮತ್ತು ಗೈಡ್

ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಅದಿಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಾನ್-ನೆಟ್ ಫೆಲೋಶಿಪ್ 8,000. ಪರಿಶಿಷ್ಟರು ಕೇರಳದ ಇ-ಗ್ರಾಂಟ್ಸ್ ವಿದ್ಯಾರ್ಥಿವೇತನ ವಿಚಾರಿಸಲಿ. ಯಾವುದೇ ಇರಲಿ, ಸೇರಿದ ತಿಂಗಳೇ ಖಾತೆಗೆ ಬೀಳುವುದಿಲ್ಲ. ಫೀಸು, ಹಾಸ್ಟೆಲ್ ಡೆಪಾಸಿಟ್, ಊಟ ಸೇರಿ ಆರು ತಿಂಗಳ ಖರ್ಚನ್ನು ಹಳೆ ವಿದ್ಯಾರ್ಥಿಗಳಿಂದ ಮೊದಲೇ ಸಂಗ್ರಹಿಸಿಡಿ. ಮನೆಗೆ ಹಣ ಕಳುಹಿಸಬೇಕಾದ ಮಕ್ಕಳು ಬಿಟ್ಟು ಬರುವುದು ಈ ಆರು ತಿಂಗಳಲ್ಲೇ.

ಗೈಡ್‌ಗೆ ಬರೆಯುವ ಮುಂಚೆ ಅವರಲ್ಲಿ ಜಾಗವಿದೆಯೇ ನೋಡಿ. 2022ರ ಯುಜಿಸಿ ನಿಯಮದ ಪ್ರಕಾರ ಪ್ರೊಫೆಸರ್ ಎಂಟು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಜನರನ್ನಷ್ಟೇ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ಸೇರಿಸುವಂತಿಲ್ಲ. ಪತ್ರ ಹತ್ತು ಸಾಲು ಮೀರದಿರಲಿ: ತಾನು ಯಾರು, ತನ್ನ ಪ್ರಶ್ನೆ ಏನು, ಅವರ ಯಾವ ಬರಹ ಓದಿ ಬರೆಯುತ್ತಿದ್ದೇನೆ. ಬಡತನವನ್ನು ಪತ್ರದಲ್ಲಿ ತೋಡಿಕೊಳ್ಳಬೇಕಾಗಿಲ್ಲ. ಎರಡು ವಾರ ಕಾದು ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಪಟ್ಟಿಯಲ್ಲಿರುವ ಮುಂದಿನವರಿಗೆ ಬರೆಯಲಿ.