ನಲ್ಲಿ ನೀರಿನ ಲೆಕ್ಕವನ್ನು ಲೋಕಸಭೆಯಲ್ಲಿ ಕೇಳುವುದು ಹೇಗೆ

ಸದನದಲ್ಲಿ ಕೇಳಿದ ಪ್ರಶ್ನೆಗಳಿಗೆ ಬರುವ ಸರ್ಕಾರಿ ಉತ್ತರಗಳಲ್ಲಿ ಮತ್ತೆ ಮತ್ತೆ ಕಾಣುವ ಎರಡು ಸಾಲುಗಳಿವೆ: ‘ಗಮನಕ್ಕೆ ಬಂದಿರುವುದಿಲ್ಲ’ ಮತ್ತು ‘ಉದ್ಭವಿಸುವುದಿಲ್ಲ’. (ಅ) ಭಾಗದಲ್ಲಿ ‘ಇಂತಿಂಥ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದೂ (ಆ) ಭಾಗದಲ್ಲಿ ‘ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಎಂದೂ ಬರೆದರೆ ಮೊದಲನೆಯದಕ್ಕೆ ಇಲ್ಲ ಎಂದುಬಿಡಬಹುದು, ಎರಡನೆಯದು ತಾನಾಗಿಯೇ ಬಿದ್ದುಹೋಗುತ್ತದೆ. ಹೀಗೆ ನುಣುಚಿಕೊಳ್ಳಲು ದಾರಿ ಮಾಡಿಕೊಟ್ಟದ್ದು ಪ್ರಶ್ನೆಯೇ. ಆದ್ದರಿಂದ ಸದನದಲ್ಲಿ ಗಟ್ಟಿಯಾಗಿ ಮಾತಾಡುವುದಕ್ಕಿಂತ ಮೊದಲು ಕಲಿಯಬೇಕಾದದ್ದು ಪ್ರಶ್ನೆ ಬರೆಯುವ ಕೆಲಸ.

ಕರ್ನಾಟಕದಿಂದ ಆಯ್ಕೆಯಾಗುವ 28 ಲೋಕಸಭಾ ಸದಸ್ಯರ ಕಚೇರಿಗಳಲ್ಲಿ ಪ್ರಶ್ನೆ ಸಿದ್ಧಪಡಿಸುವವರಿಗೂ, ತಮ್ಮ ಸಂಸದರ ಕೈಗೆ ಪ್ರಶ್ನೆ ಬರೆದು ಕೊಡಬೇಕೆಂದಿರುವ ಊರಿನ ಸಂಘಟನೆಗಳಿಗೂ ಇದು. ಉದಾಹರಣೆಗೆ ಜಲ ಜೀವನ್ ಮಿಷನ್ ತೆಗೆದುಕೊಳ್ಳೋಣ. ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆದ ಯೋಜನೆ ಇದೇ. 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ಪ್ರತಿ ಗ್ರಾಮೀಣ ಮನೆಗೂ ನಲ್ಲಿಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ಎಂಬುದು ಮಾತು. ಗಡುವು 2024 ಇದ್ದದ್ದನ್ನು 2025ರ ಬಜೆಟ್‌ನಲ್ಲಿ 2028ಕ್ಕೆ ಮುಂದೂಡಲಾಯಿತು. ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ ಅರ್ಧ, ರಾಜ್ಯ ಅರ್ಧ ಹಣ ಹಾಕಬೇಕು.

ಯಾರನ್ನು ಕೇಳಬೇಕು

ನೀರು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿದೆ. ಜಲಶಕ್ತಿ ಸಚಿವಾಲಯದ ಉತ್ತರಗಳು ಸಾಮಾನ್ಯವಾಗಿ ‘ಕುಡಿಯುವ ನೀರು ರಾಜ್ಯದ ವಿಷಯವಾಗಿದ್ದು...’ ಎಂದೇ ಆರಂಭವಾಗುತ್ತವೆ. ‘ನಮ್ಮೂರ ಓವರ್‌ಹೆಡ್ ಟ್ಯಾಂಕ್ ಏಕೆ ಸೋರುತ್ತಿದೆ?’ ಎಂದು ದೆಹಲಿಯಲ್ಲಿ ಕೇಳಿದರೆ, ಕೇಂದ್ರ ಸರ್ಕಾರದ ಹೊಣೆಯಲ್ಲಿಲ್ಲದ ವಿಷಯವೆಂದು ಸಚಿವಾಲಯ ಜಾರಿಕೊಳ್ಳುತ್ತದೆ, ಅಥವಾ ಪ್ರಶ್ನೆ ಅಂಗೀಕಾರವೇ ಆಗುವುದಿಲ್ಲ. ಅದು ಶಾಸಕರ ಮೂಲಕ ವಿಧಾನಸಭೆಗೆ ಹೋಗಬೇಕಾದ ಪ್ರಶ್ನೆ. ಲೋಕಸಭೆಯಲ್ಲಿ ಕೇಂದ್ರದ ಕೈಯಲ್ಲಿರುವುದನ್ನೇ ಹಿಡಿಯಬೇಕು: ಕೇಂದ್ರದ ಪಾಲಿನ ಹಂಚಿಕೆ, ಬಿಡುಗಡೆಯ ಕಂತು, ಹಣಕ್ಕೆ ಹಾಕಿದ ಷರತ್ತು, ಕೇಂದ್ರದ ತಂಡಗಳು ನಡೆಸಿದ ತಪಾಸಣೆ, ಆ ತಪಾಸಣೆಯಲ್ಲಿ ಕಂಡದ್ದು. ಒಂದೇ ಕೊಳವೆಯ ಎರಡು ತುದಿಗೆ ಎರಡು ಸದನ ಎಂದುಕೊಳ್ಳಿ. ಸಂಸದರ ಕಚೇರಿಯೂ ಶಾಸಕರ ಕಚೇರಿಯೂ ಮಾತಾಡಿಕೊಂಡು, ಒಂದೇ ಅವಧಿಯ ಅಂಕಿಗಳನ್ನು ಎರಡೂ ಕಡೆ ಕೇಳುವುದು ಬಹಳ ಒಳ್ಳೆಯ ಕ್ರಮ. ಕೇಂದ್ರ ‘ಬಿಡುಗಡೆ ಮಾಡಿದ್ದೇವೆ’ ಅನ್ನುವ ಮೊತ್ತಕ್ಕೂ ರಾಜ್ಯ ‘ಬಂದಿದೆ’ ಅನ್ನುವ ಮೊತ್ತಕ್ಕೂ ಅಂತರವಿದ್ದರೆ ಆಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಚುಕ್ಕೆ ಇರುವುದು, ಇಲ್ಲದ್ದು

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆಯಿಲ್ಲದ ಪ್ರಶ್ನೆ ಪಟ್ಟಿಗೆ ಸೇರುತ್ತವೆ. ಒಬ್ಬ ಸದಸ್ಯರು ಒಂದು ದಿನಕ್ಕೆ ಐದು ಸೂಚನೆ (ಪ್ರಶ್ನೆಯನ್ನು ಮುಂಚಿತವಾಗಿ ಬರೆದುಕೊಡುವ ನೋಟಿಸ್) ಕೊಡಬಹುದು; ಅದರಲ್ಲಿ ಚುಕ್ಕೆಯ ಪಟ್ಟಿಗೆ ಬರುವುದು ಒಂದೇ. ಪ್ರಶ್ನೋತ್ತರ ವೇಳೆ ಬೆಳಿಗ್ಗೆ 11ರಿಂದ 12. ಈ ಒಂದು ಗಂಟೆಯಲ್ಲಿ ಐದಾರು ಪ್ರಶ್ನೆಗಳಾಚೆ ಹೋಗುವುದು ಅಪರೂಪ. ಅಂದರೆ 14ನೇ ಸಂಖ್ಯೆಯಲ್ಲಿರುವ ಪ್ರಶ್ನೆಗೂ ಕೊನೆಗೆ ಬರಹದ ಉತ್ತರವೇ ಗತಿ. ಹೀಗಾಗಿ ಚುಕ್ಕೆ ಪ್ರಶ್ನೆಯನ್ನೂ ಉಪಪ್ರಶ್ನೆಯ ಆಸರೆ ಇಲ್ಲದೆ ನಿಲ್ಲುವಂತೆ ಬರೆಯಬೇಕು.

ಕೋಷ್ಟಕ, ಅಂಕಿ ಅಂಶ ಬೇಕಿದ್ದರೆ ಚುಕ್ಕೆಯಿಲ್ಲದ್ದೇ ಸಾಕು. ಸಚಿವರ ನಿಲುವು ಬಾಯಿಂದ ಬರಬೇಕಿದ್ದರೆ ಮಾತ್ರ ಚುಕ್ಕೆ. ಹೊಸ ಕಚೇರಿಗಳು ಐದನ್ನೂ ಚುಕ್ಕೆಗೇ ಹಾಕಿ ಕಾಯುತ್ತವೆ. ಅದರ ಬದಲು ಮೊದಲ ಅಧಿವೇಶನದಲ್ಲಿ ಚುಕ್ಕೆಯಿಲ್ಲದ ಪ್ರಶ್ನೆಯಿಂದ ಲೆಕ್ಕ ತರಿಸಿಕೊಂಡು, ಮುಂದಿನದರಲ್ಲಿ ಆ ಲೆಕ್ಕವನ್ನೇ ಮುಂದಿಟ್ಟು ಚುಕ್ಕೆ ಪ್ರಶ್ನೆ ಕೇಳಿದರೆ ಹಿಡಿತ ಬಿಗಿಯಾಗುತ್ತದೆ.

ದಿನದ ಲೆಕ್ಕ

ಸೂಚನೆಗೂ ಉತ್ತರಕ್ಕೂ ನಡುವೆ ಪೂರ್ತಿ 15 ದಿನ ಇರಬೇಕು, 21 ದಿನಕ್ಕಿಂತ ಹೆಚ್ಚಾಗಬಾರದು. ‘ಪೂರ್ತಿ’ ಅಂದರೆ ಸೂಚನೆ ಕೊಟ್ಟ ದಿನವನ್ನೂ ಉತ್ತರ ಬರುವ ದಿನವನ್ನೂ ಬಿಟ್ಟು ಎಣಿಸುವುದು. 18ನೇ ತಾರೀಖಿಗೆ ಉತ್ತರ ಬೇಕಿದ್ದರೆ 2ನೇ ತಾರೀಖೇ ಕೊನೆ. 3ಕ್ಕೆ ಕೊಟ್ಟರೆ ಹೋಯಿತು. ಎಡವುವವರು ಎಡವುವುದು ಹೆಚ್ಚಾಗಿ ಈ ಒಂದು ದಿನದಲ್ಲೇ. ಸಚಿವಾಲಯಗಳನ್ನು ಗುಂಪು ಮಾಡಿ ವಾರದ ಒಂದೊಂದು ದಿನ ಗೊತ್ತುಮಾಡಿರುತ್ತಾರೆ. ಅಧಿವೇಶನ ಕರೆದ ಮೇಲೆ ಲೋಕಸಭಾ ಸಚಿವಾಲಯ ಹೊರಡಿಸುವ ಬುಲೆಟಿನ್‌ನಲ್ಲಿ ಯಾವ ಸಚಿವಾಲಯಕ್ಕೆ ಯಾವ ದಿನ, ಸೂಚನೆಗೆ ಕೊನೆಯ ದಿನ ಯಾವುದು ಎಂಬ ಪಟ್ಟಿ ಇರುತ್ತದೆ. ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿ. ಒಂದು ದಿನ ಬೆಳಿಗ್ಗೆ 10 ಗಂಟೆಯೊಳಗೆ ಬಂದ ಸೂಚನೆಗಳೆಲ್ಲ ಒಟ್ಟಿಗೆ ಬಂದಂತೆ ಲೆಕ್ಕ. ಅವುಗಳ ಸರದಿ ಚೀಟಿ ಎತ್ತಿ ತೀರ್ಮಾನವಾಗುತ್ತದೆ.

ಸೂಚನೆ ಸದಸ್ಯರ ಪೋರ್ಟಲ್ ಮೂಲಕ ಹೋಗುತ್ತದೆ. ಅದರ ಪಾಸ್‌ವರ್ಡ್ ಸದಸ್ಯರದ್ದು ಮಾತ್ರ. ಹೊರಗಿನವರ ಕೈಗೆ ಲಾಗಿನ್ ಕೊಟ್ಟ ವಿಷಯವೇ ನಡುವಿದ್ದ ಪ್ರಕರಣದಲ್ಲಿ 2023ರ ಡಿಸೆಂಬರ್‌ನಲ್ಲಿ ಲೋಕಸಭೆ ಒಬ್ಬ ಸದಸ್ಯೆಯನ್ನು ಉಚ್ಚಾಟಿಸಿತು. ಪ್ರಶ್ನೆ ಕೇಳಲು ಹಣ ಪಡೆದ ಆರೋಪದಲ್ಲಿ 2005ರ ಡಿಸೆಂಬರ್‌ನಲ್ಲಿ ಎರಡೂ ಸದನಗಳಿಂದ 11 ಮಂದಿ ಸ್ಥಾನ ಕಳೆದುಕೊಂಡರು. ಸಂಘಟನೆಗಳವರು ಪ್ರಶ್ನೆಯ ಕರಡು ಕೊಡಬಹುದು, ದಾಖಲೆ ಕೊಡಬಹುದು, ಪೋರ್ಟಲ್ ಮುಟ್ಟಬಾರದು.

ಪ್ರಶ್ನೆ ಬರೆಯುವುದು

150 ಪದ ಮೀರುವಂತಿಲ್ಲ. ವಾದ, ವ್ಯಂಗ್ಯ, ಆಪಾದನೆ, ಊಹೆಯ ಮಾತು ಇರಕೂಡದು. ಅಭಿಪ್ರಾಯ ಕೇಳುವಂತಿಲ್ಲ. ನ್ಯಾಯಾಲಯದ ಮುಂದಿರುವ ವಿಷಯ, ಈಗಾಗಲೇ ಉತ್ತರ ಬಂದಿರುವ ಪ್ರಶ್ನೆ, ಸುಲಭವಾಗಿ ಸಿಗುವ ದಾಖಲೆಯಲ್ಲೇ ಇರುವ ಮಾಹಿತಿ, ಇವೆಲ್ಲ ತಿರಸ್ಕಾರಕ್ಕೆ ಕಾರಣ. ಇವು ಲೋಕಸಭೆಯ ಕಾರ್ಯವಿಧಾನ ನಿಯಮ 41ರಲ್ಲಿವೆ. ಪ್ರಶ್ನೆ ಬರೆಯುವವರು ಆ ಒಂದು ನಿಯಮವನ್ನು ಪೂರ್ತಿ ಓದಿಕೊಂಡಿರಲೇಬೇಕು. ಸೂಚನೆ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಹೋಗಬೇಕು. ಆದರೂ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ, ಕೇಳಬೇಕಾದದ್ದು ನಿಮಗೇ ಸ್ಪಷ್ಟವಾಗುತ್ತದೆ.

ಸಾಮಾನ್ಯವಾಗಿ ಬರುವ ಕರಡು ಹೀಗಿರುತ್ತದೆ:

‘ಕರ್ನಾಟಕದ ಹಳ್ಳಿಗಳಲ್ಲಿ ನಲ್ಲಿ ಹಾಕಿದ್ದರೂ ನೀರು ಬಾರದೆ ಜನ ಪರದಾಡುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’

ಮಾತು ಸತ್ಯ, ಆದರೆ ಇದರಿಂದ ಒಂದು ಅಂಕಿಯೂ ಹೊರಬರದು. ಇದನ್ನೇ ಹೀಗೆ ಬಿಡಿಸಿ:

(ಅ) ಜಲ ಜೀವನ್ ಮಿಷನ್ ಅಡಿ ಕಳೆದ ಮೂರು ವರ್ಷ ಹಾಗೂ ಪ್ರಸಕ್ತ ವರ್ಷದಲ್ಲಿ ಕರ್ನಾಟಕಕ್ಕೆ ಹಂಚಿಕೆಯಾದ, ಬಿಡುಗಡೆಯಾದ ಮತ್ತು ವೆಚ್ಚವಾದ ಕೇಂದ್ರದ ಪಾಲಿನ ಮೊತ್ತ, ವರ್ಷವಾರು;

(ಆ) ಇದೇ ಅವಧಿಯಲ್ಲಿ ಬಿಡುಗಡೆಯಾಗದೆ ಉಳಿದ ಕಂತುಗಳು, ಪ್ರತಿ ಕಂತು ತಡೆಹಿಡಿದ ಕಾರಣ;

(ಇ) ನಲ್ಲಿ ಸಂಪರ್ಕ ನೀಡಲಾಗಿದೆ ಎಂದು ವರದಿಯಾದ ಮನೆಗಳ ಪೈಕಿ ಕೇಂದ್ರದ ತಪಾಸಣೆಯಲ್ಲಿ ದಿನಕ್ಕೆ ತಲಾ 55 ಲೀಟರ್ ನೀರು ದೊರೆಯುತ್ತಿದೆ ಎಂದು ಕಂಡುಬಂದ ಮನೆಗಳು, ಜಿಲ್ಲಾವಾರು;

(ಈ) ತಪಾಸಣೆಯಲ್ಲಿ ಫ್ಲೋರೈಡ್ ಮಿತಿ ಮೀರಿದ್ದ ಜನವಸತಿಗಳು, ಜಿಲ್ಲಾವಾರು, ಅಲ್ಲಿ ಮಾಡಿದ ಪರ್ಯಾಯ ವ್ಯವಸ್ಥೆ.

ಇಲ್ಲಿ ಯಾವ ಭಾಗವೂ ಇನ್ನೊಂದರ ‘ಹೌದು’ಗೆ ಕಾದು ಕೂತಿಲ್ಲ ಎಂಬುದನ್ನು ಗಮನಿಸಿ. (ಅ) ಭಾಗದಲ್ಲಿ ಮೂರು ಪದ ಬೇರೆ ಬೇರೆ ಇರುವುದು ಉದ್ದೇಶಪೂರ್ವಕ. ಹಂಚಿಕೆ ಕಾಗದದ ಮೇಲಿನ ಮೊತ್ತ. ಬಿಡುಗಡೆ ರಾಜ್ಯಕ್ಕೆ ತಲುಪಿದ್ದು. ವೆಚ್ಚ ಕೆಲಸಕ್ಕೆ ಹೋದದ್ದು. ‘ಎಷ್ಟು ಅನುದಾನ ನೀಡಲಾಗಿದೆ?’ ಎಂದಷ್ಟೇ ಕೇಳಿದರೆ ಮೂರರಲ್ಲಿ ಅತಿ ದೊಡ್ಡದನ್ನು ಕೊಟ್ಟು ಕೈತೊಳೆದುಕೊಳ್ಳಬಹುದು. ಬಜೆಟ್ ವಿಷಯವಾದರೆ ಇದೇ ರೀತಿ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ವೆಚ್ಚ ಮೂರನ್ನೂ ಹೆಸರಿಸಿ ಕೇಳಿ.

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಜನರಿಗೆ (ಈ) ಭಾಗ ಏಕೆ ಬೇಕೆಂದು ಹೇಳಬೇಕಿಲ್ಲ. ನಲ್ಲಿಯಲ್ಲಿ ನೀರು ಬಂದ ಮಾತ್ರಕ್ಕೆ ಅದು ಕುಡಿಯುವ ನೀರಾಗದು. ಸಂಪರ್ಕಗಳ ಎಣಿಕೆಯನ್ನಷ್ಟೇ ಕೇಳುವ ಪ್ರಶ್ನೆ ಫ್ಲೋರೈಡ್‌ನಿಂದ ಹಾಳಾಗುವ ಮಕ್ಕಳ ಹಲ್ಲು ಮೂಳೆಗಳ ವಿಷಯವನ್ನು ಬಿಟ್ಟುಬಿಡುತ್ತದೆ.

ಬರೆಯುವ ಮುನ್ನ ಮಿಷನ್‌ನ ಡ್ಯಾಶ್‌ಬೋರ್ಡ್ ತೆರೆದು ನೋಡಿ. ಹಳ್ಳಿ ಮಟ್ಟದವರೆಗೆ ಅಂಕಿಗಳಿವೆ. ಅಲ್ಲಿರುವುದನ್ನೇ ಕೇಳಿದರೆ ಪ್ರಶ್ನೆ ವ್ಯರ್ಥ. ಆದರೆ ಯಾವ ಅಂಕಿಗಳನ್ನು ಸಚಿವಾಲಯ ಯಾವ ಹೆಸರಲ್ಲಿ ಇಟ್ಟುಕೊಂಡಿದೆ ಎಂದು ಗೊತ್ತಾಗುತ್ತದೆ. ಅವರದೇ ಹೆಸರು ಬಳಸಿ ಕೇಳಿದರೆ ‘ಇಂತಹ ಮಾಹಿತಿ ಕೇಂದ್ರ ಮಟ್ಟದಲ್ಲಿ ನಿರ್ವಹಿಸುತ್ತಿಲ್ಲ’ ಎನ್ನುವುದು ಕಷ್ಟ. ಹಾಗೆಂದು ಮಾಹಿತಿ ಇಲ್ಲವೆಂಬ ಉತ್ತರ ಬಂದರೆ ಎಸೆಯಬೇಡಿ. 2020ರ ಸೆಪ್ಟೆಂಬರ್‌ನಲ್ಲಿ, ಲಾಕ್‌ಡೌನ್ ವೇಳೆ ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರ ಲೆಕ್ಕ ಕೇಳಿದಾಗ ಕಾರ್ಮಿಕ ಸಚಿವಾಲಯ ಅಂಥ ದತ್ತಾಂಶ ಇಟ್ಟಿಲ್ಲ ಎಂದು ಲೋಕಸಭೆಗೆ ಬರೆದುಕೊಟ್ಟಿತು. ಲೆಕ್ಕವೇ ಇಟ್ಟಿಲ್ಲ ಎಂಬುದು ಅಧಿಕೃತ ದಾಖಲೆಯಾದದ್ದು ಆ ಪ್ರಶ್ನೆಯಿಂದ.

ಉಪಪ್ರಶ್ನೆ

ಮೂಲ ಪ್ರಶ್ನೆ ಕೇಳಿದವರಿಗೆ ಎರಡು ಉಪಪ್ರಶ್ನೆಯ ಅವಕಾಶ. ಉತ್ತರದ ಪ್ರತಿ ಆ ದಿನ ಬೆಳಿಗ್ಗೆ ಕಲಾಪಕ್ಕೆ ಮುನ್ನವೇ ಸಿಗುತ್ತದೆ. ಹಾಳೆಯಲ್ಲಿ ‘(ಅ)ದಿಂದ (ಈ): ಹೇಳಿಕೆಯನ್ನು ಸದನದ ಮುಂದಿಡಲಾಗಿದೆ’ ಎಂದಷ್ಟೇ ಇದ್ದರೆ ಗಾಬರಿ ಬೇಡ, ನೇರ ಅನುಬಂಧಕ್ಕೆ ಹೋಗಿ. ಪೆನ್ಸಿಲ್ ಹಿಡಿದು ಹಂಚಿಕೆಯಿಂದ ಬಿಡುಗಡೆ ಕಳೆಯಿರಿ, ಬಿಡುಗಡೆಯಿಂದ ವೆಚ್ಚ ಕಳೆಯಿರಿ. 100 ಹಂಚಿ 40 ಬಿಡುಗಡೆ ಮಾಡಿ 38 ವೆಚ್ಚವಾಗಿದ್ದರೆ ರಾಜ್ಯ ಖರ್ಚು ಮಾಡಿದೆ, ತಡೆ ಇರುವುದು ಮೇಲೆ. 90 ಬಿಡುಗಡೆಯಾಗಿ 38 ವೆಚ್ಚವಾಗಿದ್ದರೆ ತಡೆ ಇರುವುದು ಕೆಳಗೆ. ಎರಡಕ್ಕೂ ಒಂದೇ ಉಪಪ್ರಶ್ನೆ ಹೊಂದದು. ಹಿಂದಿನ ರಾತ್ರಿ ಎರಡನ್ನೂ ಬರೆದಿಟ್ಟುಕೊಂಡು ಬೆಳಿಗ್ಗೆ ಒಂದನ್ನು ಆರಿಸಿ.

ಉಪಪ್ರಶ್ನೆಗೆ ಭಾಷಣದ ಪೀಠಿಕೆ ಬೇಡ. ಉತ್ತರದಲ್ಲಿರುವ ಒಂದು ಅಂಕಿ ಹೇಳಿ, ‘ಉಳಿದ ಕಂತು ಯಾವ ತಾರೀಖಿನೊಳಗೆ ಬಿಡುಗಡೆಯಾಗುತ್ತದೆ?’ ಎಂದು ಮುಗಿಸಿ. ಒಂದು ಉಸಿರಿಗೆ ಮೂರು ಪ್ರಶ್ನೆ ಕೇಳಿದರೆ ಸಚಿವರು ಹಗುರವಾದದ್ದನ್ನು ಆರಿಸಿಕೊಳ್ಳುತ್ತಾರೆ. ಕನ್ನಡದಲ್ಲೇ ಕೇಳಬಹುದು, ಕೇಳಬೇಕು ಕೂಡ. ಭಾಷಾಂತರಕಾರರು ಸಿದ್ಧರಿರುವಂತೆ ಮುಂಚೆ ತಿಳಿಸಿಡಿ. ಅಂಕಿಗಳನ್ನು ನಿಧಾನವಾಗಿ ಹೇಳಿ, ಭಾಷಾಂತರದಲ್ಲಿ ಮೊದಲು ಕಳೆದುಹೋಗುವುದು ಅವೇ.

ಉಪಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1957ರ ಮುಂದ್ರಾ ಪ್ರಕರಣ ಸಾಕ್ಷಿ. ಜೀವವಿಮಾ ನಿಗಮ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ಸುಮಾರು 1.25 ಕೋಟಿ ರೂಪಾಯಿ ಹೂಡಿದ ವಿಷಯ ಲೋಕಸಭೆಯಲ್ಲಿ ಪ್ರಶ್ನೆಯಾಗಿ ಬಂತು. ಫಿರೋಜ್ ಗಾಂಧಿ ಆಳುವ ಪಕ್ಷದಲ್ಲೇ ಇದ್ದು ಬೆನ್ನುಬಿಡದೆ ಕೇಳಿದರು, ತನಿಖೆಗೆ ಛಾಗ್ಲಾ ಆಯೋಗ ಬಂತು, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಉತ್ತರ ಬಂದ ಮೇಲೆ

ಉತ್ತರ ಸಾಲದಿದ್ದರೆ ನಿಯಮ 55ರ ಅಡಿ ಅರ್ಧ ಗಂಟೆ ಚರ್ಚೆ ಕೋರಬಹುದು. ಮೂರು ದಿನ ಮುಂಚೆ ಸೂಚನೆ, ಕಾರಣದ ಟಿಪ್ಪಣಿ, ಇನ್ನಿಬ್ಬರು ಸದಸ್ಯರ ಸಹಿ ಬೇಕು. ಸಚಿವರ ಉತ್ತರದಲ್ಲಿ ತಪ್ಪಿದೆ ಎಂದು ದಾಖಲೆ ಸಮೇತ ತೋರಿಸಬಲ್ಲಿರಾದರೆ ಸ್ಪೀಕರ್ ಅವರ ನಿರ್ದೇಶನ 115ರ ಅಡಿ ಬರೆಯಬೇಕು. ಈ ದಾರಿ ಹೆಚ್ಚು ಜನರಿಗೆ ಗೊತ್ತಿಲ್ಲ, ಹಾಗಾಗಿ ತಪ್ಪು ಉತ್ತರಗಳು ತಪ್ಪಾಗಿಯೇ ಉಳಿದುಬಿಡುತ್ತವೆ.

‘ಮಾಹಿತಿ ಸಂಗ್ರಹಿಸಲಾಗುತ್ತಿದ್ದು ಸದನದ ಮುಂದಿಡಲಾಗುವುದು’ ಎಂದು ಬಂದರೆ ಅದು ಭರವಸೆಯೆಂದು ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಇದನ್ನು ನೋಡಿಕೊಳ್ಳಲು 1953ರಿಂದಲೂ ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆಯ ಸಂಖ್ಯೆ, ಉತ್ತರದ ದಿನಾಂಕ, ಭರವಸೆಯ ಸಾಲು ಇವಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, 90ನೇ ದಿನಕ್ಕೆ ಗುರುತು ಹಾಕಿ. ಅಂದು ಏನೂ ಬಂದಿಲ್ಲವಾದರೆ ಸಮಿತಿಗೆ ಪತ್ರ.

ಅನುಬಂಧದಲ್ಲಿ ನಿಮ್ಮ ಜಿಲ್ಲೆಯ ಸಾಲನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ ಗ್ರಾಮ ಪಂಚಾಯಿತಿಗಳಿಗೆ ಕಳಿಸಿ. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಿ, ಮನೆಗಳನ್ನು ಎಣಿಸಿ, ಎರಡು ಬಿಂದಿಗೆ ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ, ತಾರೀಖು ಹಾಕಿ ಸಹಿ ಮಾಡಿಸಿ. ಆ ಹಾಳೆ ಮುಂದಿನ ಅಧಿವೇಶನದ ಬುಲೆಟಿನ್ ಬರುವ ಮೊದಲೇ ಸಂಸದರ ಕಚೇರಿ ತಲುಪಿದರೆ ಮುಂದಿನ ಪ್ರಶ್ನೆಯ (ಅ) ಭಾಗ ಸಿದ್ಧವಾಗಿರುತ್ತದೆ.